ಎರಡು ನಿಮಿಷ ತಡ

ಕವರಿನ ಹಿಂದೆ ಎಲ್ಲರ ಹೆಸರೂ ಇದೆ.
ಸ್ಯಾಕ್ಸೊಫೋನ್ ಬೊನಿಫಾಸ್ ರೆಬೆಲ್ಲೊ, ಪಕ್ಕದಲ್ಲೊಂದು ಸಣ್ಣ ಶಿಲುಬೆ.
ಡ್ರಮ್ಸಿಗೆ ಡಿಸ್ಪ್ಯಾಚ್ ಸೆಕ್ಷನ್ನಿನ ಚಾಂದ್ ಪಾಷಾ,
ಪಿಯಾನೋಗೆ ಡಾಕ್ಟರರ ಹೆಂಡತಿ ಸುಲೋಚನಾಬಾಯಿ,
ಟೇಪಿನ ಗುಂಡಿ ಒತ್ತಿದವನ ಹೆಸರು ಕೂಡ.

ನನ್ನದಿಲ್ಲ. ಇರಬೇಕಾಗಿಯೂ ಇಲ್ಲ.
ಆ ರಾತ್ರಿ ನಾನು ಕ್ಲಬ್ಬಿನ ಒಳಗೇ ಇರಲಿಲ್ಲ.
ಅಲ್ಲಿಗೆ ನಮ್ಮಂಥವರು ಹೋಗುತ್ತಿದ್ದದ್ದು
ಫ್ಯೂಸ್ ಹಾಕಲು, ಕುರ್ಚಿ ಎತ್ತಲು.

ಬೊನಿಫಾಸ್ ನಮ್ಮವನೇ. ಹಗಲು ಪಲ್ಪ್ ಸೆಕ್ಷನ್,
ಬಿದಿರು ಬೆಂದು ಗಂಜಿಯಾಗುವುದನ್ನು ಕಾಯುವ ಕೆಲಸ.
ಮದುವೆ ಸೀಸನ್ನಿಗೆ ಕೆಂಪು ಕೋಟು,
ಹೊಸಮನೆಯಿಂದ ಜನ್ನಾಪುರದವರೆಗೆ
ಮದುಮಗನ ಮುಂದೆ ನಡೆಯುತ್ತ ಸಿನಿಮಾ ಹಾಡು.
ವರ್ಷಕ್ಕೊಂದು ರಾತ್ರಿ, ಡಿಸೆಂಬರ್ ಮೂವತ್ತೊಂದಕ್ಕೆ,
ಸಾಹೇಬರೆಲ್ಲ ಕುಡಿದು ಕಿವಿ ಕಳೆದುಕೊಂಡ ಮೇಲೆ
ತನಗೆ ಬೇಕಾದ್ದನ್ನು ನುಡಿಸುತ್ತಿದ್ದ.
ಜಾಜ್ ಅಂದರೇನೋ ಅಂತ ಕೇಳಿದ್ದಕ್ಕೆ
ಕ್ಯಾಂಟೀನಿನಲ್ಲಿ ಇಡ್ಲಿ ಮುರಿಯುತ್ತ ಹೇಳಿದ:
"ಗೊತ್ತಿರೋ ಮನೆಗೆ ಗೊತ್ತಿಲ್ದಿರೋ ದಾರೀಲಿ ಹೋಗೋದು.
ಬಾಗ್ಲು ಸಿಕ್ಕರೆ ಸಿಕ್ತು."

ಎಂಬತ್ತಾರನೇ ಇಸವಿ. ಸೈರನ್ ನನ್ನ ಪಾಳಿ.
ಹತ್ತಕ್ಕೆ ಸರಿಯಾಗಿ ಹಿಡಿಕೆ ಎಳೆಯಬೇಕು.
ಬಾಯ್ಲರ್ ಹೌಸಿನ ಹೊರಗೆ ಬೀಡಿ ಹಚ್ಚಿದ್ದೆ.
ಭದ್ರೆಯ ಕಡೆಯ ಗಾಳಿ ತಿರುಗಿ
ಬ್ಲೀಚಿನ ಕಮಟಿನ ಜೊತೆ
ಕ್ಲಬ್ಬಿನಿಂದ ಒಂದೆಳೆ ಸ್ವರ ತಂದುಹಾಕಿತು.
ಅದು ಮುಗಿಯಲಿ ಅಂತ ನಿಂತೆ.
ಮುಗಿಯುವ ಜಾತಿಯದಲ್ಲ ಅದು.
ಹತ್ತಾಯಿತು. ಹತ್ತು ದಾಟಿ ಒಂದಾಯಿತು.
ಗೇಟಿನಲ್ಲಿ ಮುನ್ನೂರು ಸೈಕಲ್ಲು ಗಂಟೆ ಬಾರಿಸುತ್ತಿದ್ದವು.
ಎರಡನೇ ನಿಮಿಷಕ್ಕೆ ಅವನು ಉಸಿರು ತಗೊಂಡ,
ನಾನು ಎಳೆದುಬಿಟ್ಟೆ.

ಮಾರನೆಯ ದಿನ ಮೆಮೊ:
ಟೋಕನ್ ನಂಬರ್ ೨೨೧೭, ವಿವರಣೆ ಕೊಡತಕ್ಕದ್ದು.
ಗಡಿಯಾರ ಹಿಂದಿತ್ತು ಅಂತ ಬರೆದೆ.
ಒಂದು ಇನ್ಕ್ರಿಮೆಂಟ್ ಹೋಯಿತು.

ಈಗ ಬೊನಿಫಾಸ್ ಸತ್ತು ಮೂರು ವರ್ಷ.
ಟ್ರಂಕಿನಲ್ಲಿ, ಪ್ರಾರ್ಥನೆಯ ಪುಸ್ತಕಗಳ ಕೆಳಗೆ,
ಅವನ ಮಗಳು ಐರಿನ್‌ಗೆ ಆ ಟೇಪು ಸಿಕ್ಕಿದೆ.
ಶಿವಮೊಗ್ಗದ ದುರ್ಗಿಗುಡಿಯಲ್ಲಿ ಸ್ಟುಡಿಯೋ ಇಟ್ಟ ಹುಡುಗ
ಬೂಷ್ಟು ಒರೆಸಿ, ಡಿಸ್ಕು ಮಾಡಿ,
ಭಾನುವಾರ ಚರ್ಚಿನ ಹಾಲಿನಲ್ಲಿ ಬಿಡುಗಡೆ.
ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ,
ಒಂದು ಕಿವಿಗೆ ಮಿಷನ್ನು.

ಮೊದಲೆರಡರಲ್ಲಿ ಗ್ಲಾಸಿನ ಸದ್ದು, ಯಾರದೋ ನಗೆ.
ಮೂರನೆಯದರಲ್ಲಿ ಅವನು ದಾರಿ ಬಿಟ್ಟ.
ಹತ್ತಿದ, ಇಳಿದ, ಸಿಕ್ಕಿಹಾಕಿಕೊಂಡ,
ಹೊರಟ ಜಾಗಕ್ಕೇ ಮತ್ತೆ ಮತ್ತೆ ಬಂದ.
ಎಲ್ಲೂ ಬಾಗಿಲಿಲ್ಲ. ಉಸಿರು ತಗೊಂಡ.

ಬಂತು ನನ್ನ ಸೈರನ್.

ಯಾರೋ ಅಯ್ಯೋ ಅಂದರು.
ಚಾಂದ್ ಪಾಷಾ ಕೈ ನಿಲ್ಲಿಸಿದ್ದು ಕೇಳಿಸುತ್ತದೆ.
ಬೊನಿಫಾಸ್ ನಿಲ್ಲಲಿಲ್ಲ.
ಆ ಗೂಳಿ ಕೂಗಿನ ಅಡಿಗೇ ಹೋಗಿ
ಅದೇ ಸ್ವರವನ್ನು, ಬಿಸಿ ಪಾತ್ರೆಯನ್ನು
ಸೆರಗಿನಲ್ಲಿ ಹಿಡಿಯುವ ಹಾಗೆ, ಹಿಡಿದ.
ಸೈರನ್ ಇಳಿಯುತ್ತ ಬಂದಂತೆ ಜೊತೆಗೇ ಇಳಿದ,
ಅದು ಆರಿದ ಮೇಲೂ ಬಿಡಲಿಲ್ಲ.
ಅಲ್ಲಿಂದ ಮನೆಗೆ ನಾಲ್ಕೇ ಹೆಜ್ಜೆ.

ಇದು ನನಗೆ ಗೊತ್ತಿರಲಿಲ್ಲ, ನೋಡಿ.
ಆಮೇಲೆ ಇಪ್ಪತ್ತು ವರ್ಷ ಒಂದೇ ಕ್ಯಾಂಟೀನಿನಲ್ಲಿ ಉಂಡೆವು.
ಅವನೂ ಹೇಳಲಿಲ್ಲ.
ಎಳೆದವನು ಯಾರೆಂದು ಅವನಿಗೇನು ಗೊತ್ತು.

ಸ್ಟುಡಿಯೋ ಹುಡುಗ ಬಾಗಿಲಲ್ಲಿ ಕೈ ಹಿಸುಕುತ್ತಿದ್ದ:
"ಆ ಕಾರ್ಖಾನೆ ಸದ್ದು ತೆಗಿಯೋಕೆ ತಿಂಗಳು ಒದ್ದಾಡಿದೆ ಸಾರ್,
ಕಿತ್ತರೆ ಸ್ಯಾಕ್ಸೊಫೋನೂ ಜೊತೇಲೇ ಬರುತ್ತೆ.
ಕ್ಷಮಿಸಬೇಕು."
ಕ್ಷಮಿಸಿದೆ.
ಐರಿನ್ ಕೇಕಿನ ತಟ್ಟೆ ಕೊಟ್ಟಳು.
"ಅಪ್ಪನ ಜೊತೆ ಕೆಲಸದಲ್ಲಿದ್ರಾ ಅಂಕಲ್?"
ಹೂಂ, ಬೇರೆ ಸೆಕ್ಷನ್ನು, ಅಂದೆ.

ಆಟೊದವನು ಕಾರ್ಖಾನೆಯ ದಾರಿಯಲ್ಲೇ ಬಂದ.
ಗೇಟಿಗೆ ಲಂಟಾನ ಹಬ್ಬಿದೆ.
ಸೈರನ್ನನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದರಂತೆ.
ತೊಡೆಯ ಮೇಲೆ ಡಿಸ್ಕು.
ಅದನ್ನು ತಿರುಗಿಸುವ ಯಂತ್ರ ನಮ್ಮ ಮನೆಯಲ್ಲಿಲ್ಲ.

ಗಡಿಯಾರ ಸರಿಯಾಗಿಯೇ ಇತ್ತು, ಸಾಹೇಬರೆ.